ಗಂಡನ ದಾಖಲೆಯೊಳಗೆ

"ನನ್ನ ರಿಪೋರ್ಟು ನನ್ನ ಫೋನಿಗೇ ಬರ್ಲಿ. ಮನೆಯವರಿಗೆ ಗೊತ್ತಾಗೋದು ಬೇಡ," ಎಂದು ಆಕೆ ಕ್ಲಿನಿಕ್ಕಿನ ಗಾಜಿನ ಕಿಂಡಿಯೊಳಗೆ ನಂಬರಿನ ಚೀಟಿ ತೂರಿಸಿದಳು. ಗುಮಾಸ್ತೆ ಪಕ್ಕದಲ್ಲಿದ್ದ ಪ್ರೋಗ್ರಾಮರ್ ಕಡೆ ತಿರುಗಿದಳು. "ಸಾರ್, ಇವರಿಗೆ ಅಂತ ಫೋನ್ ನಂಬರಿನ ಜಾಗವೇ ಇಲ್ವಲ್ಲ?"

ಕಳೆದ ವಾರ ಡೇಟಾಬೇಸನ್ನು ಓರಣ ಮಾಡಿದವನು ಅವನೇ. ಕ್ಲಿನಿಕ್ಕಿಗೆ ಬರುವ ದಂಪತಿಗಳಲ್ಲಿ ಹೆಂಡತಿಯ ಹೆಸರು, ವಯಸ್ಸು, ರಕ್ತದ ಗುಂಪು ಎಂದು ಚೆಲ್ಲಾಪಿಲ್ಲಿಯಾಗಿದ್ದ ಕಾಲಂಗಳನ್ನೆಲ್ಲ ಕೋಡಿನಲ್ಲಿ ಒಂದೇ ಪೆಟ್ಟಿಗೆಗೆ ತುಂಬಿ, ಅದನ್ನು ಗಂಡನ ದಾಖಲೆಯೊಳಗೆ ಕೂರಿಸಿದ್ದ. ಒಳಗಿನ ಪೆಟ್ಟಿಗೆಗೆ ಸ್ವಂತ ಗುರುತಿನ ಸಂಖ್ಯೆಯಿಲ್ಲ. ಇಬ್ಬರಿಗೂ ಗಂಡನ ಫೋನೇ. ಅಚ್ಚುಕಟ್ಟು ಅಂದರೆ ಇದು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

"ಅದಕ್ಕೇನಂತೆ ಅಕ್ಕಾ, ಈಗ್ಲೇ ಮಾಡಿಕೊಡ್ತೀನಿ," ಎಂದವನೇ ಗಂಡನ ನಂಬರು ಅಳಿಸಿ, ಚೀಟಿಯ ನಂಬರು ಹಾಕಿ, ಗುಂಡಿ ಒತ್ತಿದ. ಪರದೆಯ ಮೇಲೆ ಹಸಿರು ಸಾಲು ಮೂಡಿತು: 'ನಂಬರ್ ಬದಲಾಗಿದೆ. ಹಳೆಯ ನಂಬರಿಗೆ ಸಂದೇಶ ಕಳಿಸಲಾಗಿದೆ.' ಆ ಸಾಲನ್ನು ಬರೆದವನೂ ಅವನೇ.

"ಆಯ್ತಾ?" ಎಂದು ಆಕೆ ನಗುವಷ್ಟರಲ್ಲಿ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಓದಿದವಳ ಮುಖದಿಂದ ನಗು ಇಳಿದುಹೋಯಿತು. ಫೋನನ್ನು ಗಾಜಿಗೆ ಒತ್ತಿ ಹಿಡಿದಳು.

'ಕ್ಲಿನಿಕ್ಕಿನಲ್ಲಿ ನಿನಗೇನು ಕೆಲಸ? ಅಲ್ಲೇ ಇರು, ಬಂದೆ.'