ಹನ್ನೆರಡು ಪದಗಳ ಸ್ತೋತ್ರ

"ಚೀಟಿ ಇಲ್ಲ!" ಎಂದು ಬ್ಲಾಗ್ ಮೇಷ್ಟ್ರು ಮೂರನೆಯ ಸಲ ಕೂಗುವ ಹೊತ್ತಿಗೆ ಕಸದ ಬುಟ್ಟಿಯೂ ಬೋರಲಾಗಿತ್ತು.

ಇಸ್ತ್ರಿ ಅಂಗಡಿಯ ಮೇಲಿನ ಆ ಒಂದೇ ಕೋಣೆಯಲ್ಲಿ ಹದಿನಾಲ್ಕು ಹುಡುಗ ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಅವರ ಚೀಲಗಳನ್ನೆಲ್ಲ ಮೇಷ್ಟ್ರು ಆಗಲೇ ಜಾಲಾಡಿಯಾಗಿತ್ತು. ಇದ್ದೊಂದು ಒಳ್ಳೆಯ ಕುರ್ಚಿಯಲ್ಲಿ ಈ ತರಗತಿ ನಡೆಸುವ ಸಂಸ್ಥೆಯ ಅಧ್ಯಕ್ಷೆ. ಪಕ್ಕದಲ್ಲಿ ಅವರು ಕರೆತಂದಿದ್ದ ಫೋಟೊಗ್ರಾಫರ್. ಬಡ ಮಕ್ಕಳು ಬ್ಲಾಗ್ ಬರೆದು ವರ್ಷವಿಡೀ ಗಳಿಸಿದ್ದನ್ನು ಇವತ್ತು ಅವರವರ ಖಾತೆಗೆ ಹಂಚಬೇಕಿತ್ತು.

ಹಣ ಇದ್ದದ್ದು ಬ್ಯಾಂಕಿನಲ್ಲಲ್ಲ, ಬ್ಲಾಕ್‌ಚೈನ್‌ನಲ್ಲಿ. ಓದಿದವರು ಮೆಚ್ಚಿದರೆ ಟೋಕನ್, ಅಂದರೆ ಡಿಜಿಟಲ್ ಕಾಸು, ಬೀಳುತ್ತದೆ. ಬಿದ್ದದ್ದು ಎಲ್ಲರ ಸಾಮಾನ್ಯ ಖಾತೆಗೆ ಸೇರುತ್ತದೆ. ಖಾತೆಗೆ ಬೀಗವೆಂದರೆ ಹನ್ನೆರಡು ಪದಗಳು, ಹಿಂದುಮುಂದಾಗದಂತೆ. ಪದ ಗೊತ್ತಿದ್ದವನೇ ಯಜಮಾನ. ಪದ ಕಳೆದರೆ ಹಣವೂ ಕಳೆದಂತೆ.

"ಅಲ್ಲಿ ಹೆಸರಿಲ್ಲ, ಮುಖ ಇಲ್ಲ," ಎಂದು ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು. "ಖಾತೆ ಅಂದ್ರೆ ಬರೀ ಅಂಕಿ-ಅಕ್ಷರದ ಉದ್ದ ಬಾಲ. ಒಂದ್ಸಲ ಕಳಿಸಿದ್ದನ್ನ ಬ್ರಹ್ಮ ಬಂದ್ರೂ ವಾಪಸ್ ತರೋಕಾಗಲ್ಲ. ನಿಮ್ಮ ನಿಮ್ಮ ಪದಗಳನ್ನ ಎಲ್ಲೂ ಬರ್ದಿಡ್ಬೇಡಿ. ಬಾಯಿಪಾಠ ಮಾಡ್ಕೊಳ್ಳಿ."

ಸಾಮಾನ್ಯ ಖಾತೆಯದ್ದು ಮಾತ್ರ ಚೀಟಿಯಲ್ಲಿತ್ತು. ಚೀಟಿ ಮೇಷ್ಟ್ರ ಮೇಜಿನ ಖಾನೆಯಲ್ಲಿ, ಖಾನೆಯ ಕೀಲಿ ಮೇಷ್ಟ್ರ ಜೇಬಿನಲ್ಲಿ.

ಗಳಿಕೆಯೇನೂ ಪುಕ್ಕಟೆ ಬಂದಿರಲಿಲ್ಲ. ಗ್ಯಾಸ್ ಹೊರುವ ಹುಡುಗ, ಎಲ್ಲರ ಬಾಯಲ್ಲಿ ಅವನ ಹೆಸರೇ ಸಿಲಿಂಡರ್, ಲಿಫ್ಟ್ ಕೆಟ್ಟ ಕಟ್ಟಡದಲ್ಲಿ ಏಳು ಮಹಡಿ ಹತ್ತುವುದು ಹೇಗೆಂದು ಬರೆದಿದ್ದ. ಮೇಷ್ಟ್ರು ಅದಕ್ಕೆ 'ಯಶಸ್ಸಿನ ಏಳು ಮೆಟ್ಟಿಲು' ಎಂದು ತಲೆಬರಹ ಕೊಟ್ಟರು. 'ನಾಲ್ಕನೇ ಮಹಡಿಯಲ್ಲಿ ಭುಜ ಬದಲಿಸಿ' ಎಂಬ ಸಾಲನ್ನು ಎಷ್ಟೋ ಕಂಪನಿಗಳ ಮ್ಯಾನೇಜರುಗಳು ಕಣ್ಣೊರೆಸಿಕೊಂಡು ಹಂಚಿಕೊಂಡರು.

"ಬೆಳಿಗ್ಗೆ ಇಲ್ಲಿಗೆ ಮೊದಲು ಬರೋರು ಯಾರು?" ಅಧ್ಯಕ್ಷೆ ಕೇಳಿದರು.

ಎಲ್ಲರ ಕಣ್ಣೂ ಬಾಗಿಲ ಕಡೆ ಹೊರಳಿತು. ಅಲ್ಲಿ ಗುಡಿಸುವ ಅಜ್ಜಿ ಪೊರಕೆ ಹಿಡಿದು ನಿಂತಿದ್ದಳು. ಹದಿನಾಲ್ಕರಲ್ಲೊಬ್ಬಳು ಅವಳ ಮೊಮ್ಮಗಳು.

"ನಮ್ಮಜ್ಜಿ ಅಂಥೋಳಲ್ಲ ಮೇಡಂ," ಮೊಮ್ಮಗಳು ಮುಂದೆ ಬಂದಳು. "ನರ್ಸಿಂಗ್ ಸೀಟಿಗೆ ದುಡ್ಡು ಕಟ್ಟೋಕೆ ಇವತ್ತೇ ಕೊನೆ. ಐದು ಗಂಟೆಗೆ ಕೌಂಟರ್ ಮುಚ್ಚುತ್ತೆ. ನನ್ನ ಓದಿಗೆ ನಮ್ಮಜ್ಜಿನೇ ಕಲ್ಲು ಹಾಕ್ತಾಳಾ?"

ಅಧ್ಯಕ್ಷೆ ಫೋನ್ ಎತ್ತಿಕೊಂಡರು. "ಪೊಲೀಸರಿಗೆ ಹೇಳೋಣ."

"ಬೇಡ ಮೇಡಂ!" ಮೇಷ್ಟ್ರು ನಾಲ್ಕನೆಯ ಲೋಟ ನೀರನ್ನು ಗಟಗಟ ಇಳಿಸಿದರು. "ಮಕ್ಕಳ ಹೆಸರು ಕೆಡುತ್ತೆ. ಹೋದದ್ದು ಹೋಯ್ತು, ತಪ್ಪೆಲ್ಲ ನನ್ನ ತಲೆ ಮೇಲಿರ್ಲಿ. ಮೊದಲಿಂದ ಶುರು ಮಾಡೋಣ."

ಅವರ ಕಣ್ಣು ತುಂಬಿತ್ತು. ಇಂಥ ಮನುಷ್ಯರೂ ಇದ್ದಾರಲ್ಲ ಎಂದು ಅಧ್ಯಕ್ಷೆ ನಿಟ್ಟುಸಿರಿಟ್ಟರು. ಫೋಟೊಗ್ರಾಫರ್ ಅದನ್ನೂ ತೆಗೆದುಕೊಂಡ.

ಆಗ ಅಜ್ಜಿ ಕೆಮ್ಮಿದಳು.

"ಚೀಟಿಗೀಟಿ ನಾ ಕಾಣೆ ತಾಯಿ. ಅಕ್ಷರ ಬಂದಿದ್ರೆ ಪೊರಕೆ ಯಾಕೆ ಹಿಡೀತಿದ್ದೆ? ಆದ್ರೆ ಹನ್ನೆರಡು ಮಾತು ಅಂದ್ರಲ್ಲ... ಮೇಷ್ಟ್ರು ದಿನಾ ಬೆಳಿಗ್ಗೆ ಕಿಟಕಿ ಹತ್ರ ಕಣ್ಣು ಮುಚ್ಕೊಂಡು ಹೇಳ್ಕೋತಾರಲ್ಲ, ಅದೇ ಇರ್ಬೇಕಾ? ನಾನು ಯಾವುದೋ ದೇವರ ಸ್ತೋತ್ರ ಅಂದ್ಕೊಂಡಿದ್ದೆ. ಕೇಳಿ ಕೇಳಿ ನನಗೂ ಬಾಯಿಗೆ ಬಂತು."

"ಸುಮ್ನಿರಿ ಅಜ್ಜಿ!" ಮೇಷ್ಟ್ರ ಧ್ವನಿ ಕೀರಲಾಯಿತು. "ಮೇಡಂ, ಅದು ಸ್ತೋತ್ರನೇ."

"ಸ್ತೋತ್ರನೇ ಆದ್ರೆ ಹೇಳೋಕೇನು ಅಡ್ಡಿ? ಕೇಳಿದವರಿಗೆ ಪುಣ್ಯ." ಅಧ್ಯಕ್ಷೆ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡರು. "ಹೇಳಿ ಅಜ್ಜಿ, ನಿಧಾನಕ್ಕೆ."

ಅಜ್ಜಿ ಪೊರಕೆಯನ್ನು ಗೋಡೆಗೊರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಕಣ್ಣು ಮುಚ್ಚಿದಳು. ಮೇಷ್ಟ್ರ ಬಾಯಲ್ಲಿ ಇಲ್ಲದ ರಾಗವೊಂದನ್ನು ತಾನೇ ಕೂಡಿಸಿಕೊಂಡಿದ್ದಳು.

"ಮುಗಿಲು ನವಿಲು ಬಾವಿ ಬೀಗ,
ಕಡಲು ಕೊಡೆ ದೀಪ ದಾರಿ,
ಗಾಜು ನೇಗಿಲು ಗಿಳಿ ಮೌನ."

ಕೊನೆಯ ಪದ ಒತ್ತಿದ್ದೇ ತಡ, ಖಾತೆ ತೆರೆದುಕೊಂಡಿತು. ಕೋಣೆಯಲ್ಲಿ ಹೋ ಎಂಬ ಕೂಗೆದ್ದಿತು.

"ಅರೆ, ಲೆಕ್ಕಕ್ಕಿಂತ ಜಾಸ್ತಿನೇ ಇದೆಯಲ್ಲ!" ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡರು.

"ಮರಿ ಹಾಕಿರ್ಬೇಕು ಮೇಡಂ," ಎಂದ ಸಿಲಿಂಡರ್.

ಅಧ್ಯಕ್ಷೆ ಮರಿಗಳನ್ನೂ ಸೇರಿಸಿ ಸಮನಾಗಿ ಹಂಚಿದರು. ಹದಿನಾಲ್ಕು ಫೋನುಗಳು ಒಂದಾದ ಮೇಲೊಂದು ಟಿಣ್ ಎಂದವು. ಮೊಮ್ಮಗಳು ಅಜ್ಜಿಯ ಕೆನ್ನೆ ಹಿಂಡಿ, ಯಾರದೋ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಓಡಿದಳು. ತೆರೆಯ ಮೇಲೆ ದುಂಡನೆಯ ಸೊನ್ನೆಯೊಂದು ಉಳಿಯಿತು.

"ಮೇಷ್ಟ್ರೇ, ಸ್ವಲ್ಪ ನಗಿ," ಎಂದ ಫೋಟೊಗ್ರಾಫರ್.

ಮೇಷ್ಟ್ರು ನಕ್ಕರು. ನಗದೆ ವಿಧಿಯಿರಲಿಲ್ಲ.

"ನಂದೇನಿಲ್ಲ ಮೇಷ್ಟ್ರೇ," ಅಜ್ಜಿ ಕೈಮುಗಿದಳು, "ಎಲ್ಲಾ ನಿಮ್ಮ ಬಾಯಿಂದ ಬಂದದ್ದು."

ನಿಜವೇ. ಬೆಳಿಗ್ಗೆ ಅವರು ನುಂಗಿದ್ದ ಚೀಟಿಯಲ್ಲಿ ಇದ್ದ ಪದಗಳೇ ಬೇರೆ. ಅಜ್ಜಿ ಹಾಡಿದ್ದು, ನಿನ್ನೆ ಸಂಜೆ ಮಕ್ಕಳ ಹಣವನ್ನೆಲ್ಲ ಅವರು ಸಾಗಿಸಿಟ್ಟಿದ್ದ, ಎಲ್ಲೂ ಬರೆದಿಡದೆ ಬಾಯಿಪಾಠ ಮಾಡಿಕೊಂಡಿದ್ದ, ಅವರ ಸ್ವಂತ ಖಾತೆಯ ಹನ್ನೆರಡು ಪದಗಳನ್ನು.