ಕಟ್ಟೆಯ ಮೇಲಿನ ಅಳತೆ

ಲ್ಯಾಪ್‌ಟಾಪಿನ ಪರದೆಯ ಮೇಲೆ ಸುಗರಾಬಿಯ ಓಣಿ ಹಸಿರಾಗಿತ್ತು. ಅದೇ ಓಣಿಯಲ್ಲಿ ಜ್ಯೋತಿ ಪಾದ ಮುಳುಗುವಷ್ಟು ಕೆಸರಿನಲ್ಲಿ ನಿಂತಿದ್ದಳು. ಶಹಾಪುರದಲ್ಲಿ ನಿನ್ನೆ ಸುರಿದದ್ದು ಒಂದೇ ತಾಸಿನ ಮಳೆ. ಗುಡ್ಡದ ನೀರು, ಬಜಾರದ ನೀರು ಎಲ್ಲ ರಸ್ತೆಯಡಿಯ ಹೊಸ ಚರಂಡಿ ಪೈಪಿನೊಳಗೆ ಓಡಿಬಂದು, ಹದಿನಾಲ್ಕನೇ ಚೇಂಬರಿನ ಮುಚ್ಚಳವನ್ನು ಎತ್ತಿ ಒಗೆದು, ಎದುರಿನ ಮನೆಗೆ ನುಗ್ಗಿತ್ತು. ಆ ಪೈಪಿನ ದಾರಿಯನ್ನು ಯಾದಗಿರಿಯ ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದವಳು ಜ್ಯೋತಿಯೇ. ಪ್ರತಿ ಚೇಂಬರಿನ ಬಳಿ ನೆಲ ಎಷ್ಟು ಎತ್ತರವಿದೆ ಎಂದು ಕಂಪ್ಯೂಟರಿಗೆ ಹೇಳಬೇಕು. ಮಳೆ ಬಿದ್ದಾಗ ಪೈಪಿನ ನೀರು ಆ ನೆಲವನ್ನು ಮೀರಿದರೆ ಕೆಂಪು, ಮೀರದಿದ್ದರೆ ಹಸಿರು. ಹದಿನಾಲ್ಕು ಯಾವತ್ತೂ ಕೆಂಪಾಗಿರಲಿಲ್ಲ.

ಸುಗರಾಬಿ ಹೊಸ್ತಿಲಲ್ಲಿ ಕೂತು ಕೌದಿ ಹಿಂಡುತ್ತಿದ್ದಳು. ಒಳಗೆ, ಪಕ್ಕದ ಮನೆಯಿಂದ ತಂದ ಹೊರಸಿನ ಮೇಲೆ ಅವಳ ಗಂಡ ಮೈನುದ್ದೀನ ಮಲಗಿದ್ದ. ಲಕ್ವಾ ಹೊಡೆದು ಮೂರು ವರ್ಷ. ಕಣ್ಣೊಂದು ಬಿಟ್ಟರೆ ಏನೂ ಆಡುತ್ತಿರಲಿಲ್ಲ. ಹೊರಸಿನ ಒಂದೊಂದು ಕಾಲಿನ ಕೆಳಗೂ ಎರಡೆರಡು ಇಟ್ಟಿಗೆ.

"ಹೋದ ವರ್ಷ ಬ್ಯಾಸಗ್ಯಾಗ ಕೋಲು ಹಿಡಕೊಂಡು ಬಂದಾಕಿ ನೀನ ಅಲ್ಲ, ಬೇಟಿ? ಹೊಟ್ಟ್ಯಾಗಿಂದು ಏನಾತು?"

"ಹೆಣ್ಣು ಆತ್ರಿ ಚಾಚಿ. ವರ್ಷ ತುಂಬ್ಯಾದ."

"ಹಾಲು ಬಿಡಿಸಿಲ್ಲಲ್ಲ?"

"ಇಲ್ರಿ, ಇನ್ನಾ ಕುಡಿತಾಳ."

"ಕುಡಿಲಿ. ಬಿಡಿಸಬ್ಯಾಡ." ಸುಗರಾಬಿ ಕೌದಿಯ ಇನ್ನೊಂದು ತುದಿ ಹಿಡಿದಳು. "ನಿನ್ನಿ ನೀರು ಬಂತಲ್ಲ, ಇವರು ನೆಲದ ಮ್ಯಾಲ ಹಾಸಿಗ್ಯಾಗ ಇದ್ರು. ಎತ್ತಾಕ ನನ್ನ ಕೈಲೆ ಆಗಲಿಲ್ಲ. ತಲಿ ತೊಡಿ ಮ್ಯಾಲ ಇಟಗೊಂಡು ಕುಂತೆ. ಕುಂತಾಕಿಗೆ ಎದಿತನ ಬಂತು ನೋಡು. ಬಾಯಾಗ ಹೋಗಬಾರದಂತ ಗದ್ದ ಹಿಡದು ಎತ್ತಿ ಹಿಡದಿದ್ದೆ. ನಲವತ್ತು ವರ್ಷ ನನ್ನ ಒಂದ ಮಾತು ಕೇಳಲಿಲ್ಲ ಈ ಮನಶ್ಯಾ, ನಿನ್ನಿ ತಾಸೊತ್ತು ಸುಮ್ಮನ ಕೇಳಿದ."

"ಮೊದಲೂ ಹಿಂಗ ನೀರು ಬರ್ತಿತ್ತೇನ್ರಿ?"

"ಎಲ್ಲಿದು. ಓಣ್ಯಾಗ ಹರದು ಹಳ್ಳಕ್ಕ ಹೋಗ್ತಿತ್ತು. ಪೈಪು ಹಾಕಿದ ಮ್ಯಾಲ ಇದ ಮೊದಲನೇ ದೊಡ್ಡ ಮಳಿ."

ಜ್ಯೋತಿಯ ಕಣ್ಣು ಬಾಗಿಲ ಪಕ್ಕದ ಕಟ್ಟೆಯ ಮೇಲೆ ನಿಂತಿತು. ಹೊಸ್ತಿಲು ಓಣಿಯ ಸಮಕ್ಕೇ ಇತ್ತು. ಬೇವಿನ ನೆರಳಿನಲ್ಲಿದ್ದ ಆ ಕಲ್ಲಿನ ಕಟ್ಟೆ ಮಾತ್ರ ಎತ್ತರ. ಕಳೆದ ವರ್ಷ ನೆಲದ ಅಳತೆಗೆ ಬಂದ ದಿನ ಅವಳಿಗೆ ಐದು ತಿಂಗಳು. ಅಳತೆ ಕೋಲು ಹಿಡಿಯುವವನು ಬಂದಿರಲಿಲ್ಲವೆಂದು ತಾನೇ ಹಿಡಿದು ಓಣಿಯ ನಡುವೆ ನಿಂತಿದ್ದಳು. 'ಬಸುರಿ ಹೆಂಗಸು ಬಿಸಿಲಾಗ ಯಾಕ ನಿಂತಿ, ಮ್ಯಾಲ ಬಾ' ಎಂದು ಸುಗರಾಬಿ ಕೈಹಿಡಿದು ಕೂರಿಸಿದ್ದಳು, ತಂಬಿಗೆ ತುಂಬ ನೀರು ಕೊಟ್ಟಿದ್ದಳು. ಕೋಲು ಅವಳ ಪಕ್ಕದಲ್ಲಿ ಕಟ್ಟೆಯ ಮೇಲೇ ನೆಟ್ಟಗೆ ನಿಂತಿತ್ತು. ಓಣಿಯ ಮೂಲೆಯಲ್ಲಿ ಯಂತ್ರ ನೋಡುತ್ತಿದ್ದವನು ಅಳತೆ ಬರೆದುಕೊಂಡೆನೆಂದು ಕೈ ಎತ್ತಿದ. ಕೋಲಿನ ಬುಡ ಎಲ್ಲಿದೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಟೇಪು ಬಿಚ್ಚಿ ಕಟ್ಟೆಯನ್ನು ಅಳೆದಳು. ಎರಡಡಿ ಎರಡಿಂಚು. ಮುಂಗೈ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಹದಿನಾಲ್ಕನೇ ಚೇಂಬರಿನ ನೆಲವನ್ನು ಅಷ್ಟು ಕೆಳಗಿಳಿಸಿ, ಅದೇ ಮಳೆಯನ್ನು ಮತ್ತೊಮ್ಮೆ ಸುರಿಸಿದಳು. ಓಣಿ ಕೆಂಪಾಯಿತು. ಮುಚ್ಚಳಕ್ಕೆ ಕಾಂಕ್ರೀಟು ಹಾಕಿ ಮುಚ್ಚಿಬಿಟ್ಟರೆ? ಅದನ್ನೂ ಹಾಕಿ ನೋಡಿದಳು. ಕೆಂಪು ಅಳಿಯಲಿಲ್ಲ, ಹದಿನೈದಕ್ಕೆ, ಅಂಗನವಾಡಿಯ ಬಾಗಿಲಿಗೆ ಸರಿಯಿತು.

ಆಫೀಸಿನ ಸಾಹೇಬರಿಗೆ ಫೋನು ಮಾಡಿದಳು. ಬಸವಂತ ಸಾಹೇಬರು ಪೂರ್ತಿ ಕೇಳಿದರು.

"ಪೈಪು ಕಿತ್ತು ಮತ್ತ ಹಾಕಾಕ ಬರ್ತದೇನವಾ? ಮ್ಯಾಲ ಸಿಮೆಂಟ ರೋಡ್ ಆಗ್ಯಾದ. ಇನ್ನ ಐದು ವರ್ಷ ಅದನ್ನ ಯಾರೂ ಮುಟ್ಟಂಗಿಲ್ಲ. ಲೆಕ್ಕಕ್ಕಿಂತ ಜಾಸ್ತಿ ಮಳಿ ಬಿತ್ತು ಅಂತ ಬರದು ಸಂಜಿಕ್ಕ ಕಳಸು."

"ಜಾಸ್ತಿ ಬಿದ್ದಿಲ್ರಿ ಸರ್."

"ಆ ಅಳತಿ ಹಾಳಿ ಮ್ಯಾಲ ಸಹಿ ಯಾರದದ, ಅದನ್ನೊಂದು ನೋಡ್ಕೊಂಡು ಬರಿ." ಫೋನು ಇಟ್ಟರು.

ಜ್ಯೋತಿ ಲ್ಯಾಪ್‌ಟಾಪು ಮಡಿಚಿದಳು.

"ಚಾಚಿ, ತಪ್ಪು ನಂದದ್ರಿ. ಅವತ್ತ ಕೋಲು ಕೆಳಗ ಓಣ್ಯಾಗ ಇಡಬೇಕಾಗಿತ್ತು. ನಾ ಕಟ್ಟಿ ಮ್ಯಾಲ ಇಟ್ಟೆ. ನಿಮ್ಮ ಓಣಿ ಅಷ್ಟು ಎತ್ತರ ಅದ ಅಂತ ಕಂಪ್ಯೂಟರ್ ತಿಳಕೊಂತು."

ಸುಗರಾಬಿಯ ಕೈಯಲ್ಲಿ ಕೌದಿ ಹಾಗೇ ನಿಂತಿತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀ ಮ್ಯಾಲ ಎಲ್ಲಿ ಬರತಿದ್ದಿ. ನಾ ಕರದೆ ಅಂತ ಬಂದಿ." ಕೌದಿಯಿಂದ ತಲೆ ಎತ್ತಿದಳು. "ನಾ ಕರೀಬಾರದಿತ್ತೇನು?"

ಜ್ಯೋತಿ ಬಿಚ್ಚಿದ್ದ ಟೇಪನ್ನು ಸುತ್ತತೊಡಗಿದಳು.

"ಮತ್ತ ಮಳಿ ಆದ್ರ?"

"ಬರ್ತದ್ರಿ ನೀರು."

"ಪ್ರತಿ ಸಲಾನೂ?"

"ಇಷ್ಟು ಮಳಿ ಬಿದ್ದಾಗೆಲ್ಲ ರೀ."

ಸುಗರಾಬಿ ಎದ್ದು ಒಳಗೆ ಹೋದಳು. ಹೊರಸಿನ ಬಳಿ ಬಗ್ಗಿ ಇಟ್ಟಿಗೆಗಳನ್ನು ನೋಡಿದಳು, ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಉಳಿದಿದ್ದ ಕಂದು ಗೆರೆಯನ್ನು ನೋಡಿದಳು. ಮೈನುದ್ದೀನನ ಕಣ್ಣು ಅವಳ ಹಿಂದೆಯೇ ತಿರುಗಿತು. ಹೊರಗೆ ಗುಡ್ಡದ ತಲೆ ಕಪ್ಪಾಗಿತ್ತು. ಬೇವಿನೆಲೆಯ ಮೇಲೆ ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು. ಜ್ಯೋತಿ ಓಣಿಯ ಕೆಸರಿನಲ್ಲಿ ನಿಂತೇ ಇದ್ದಳು.

ಸುಗರಾಬಿ ಹೊರಗೆ ಬಂದಳು. ಒದ್ದೆ ಕೌದಿಯ ತುದಿಯಿಂದ ಕಟ್ಟೆಯ ಮೇಲೆ ಸಿಡಿದಿದ್ದ ರಾಡಿಯನ್ನು ಒರೆಸಿದಳು.

"ಕೂಸಿಗಿ ಹಾಲು ಕುಡಸಾಕಿ ನೀ, ತೊಯ್ಸಿಕೋಬ್ಯಾಡ," ಅಂದಳು. "ಮ್ಯಾಲ ಬಾ."