ಗಂಡನ ರಕ್ಷಣೆ

ಗಂಡನ ಕೈಯಲ್ಲಿ ಪೆಟ್ಟು ತಿಂದಾಗಲೆಲ್ಲ ಎಸ್ತೇರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚರ್ಚಿನ ಸಭಾಪಾಲಕರ ಮನೆಗೆ ಹೋಗುತ್ತಿದ್ದಳು. ಅವರು ಪ್ರಾರ್ಥನೆ ಮಾಡಿ, ಪ್ರತಿ ಸಲವೂ ಒಂದೇ ಮಾತು ಹೇಳಿ ತಿರುಗಿ ಕಳಿಸುತ್ತಿದ್ದರು.

"ತಾಳ್ಕೋ ಯವ್ವಾ. ಪರಲೋಕದಾಗ ಹೊಡೆಯೋರಿಲ್ಲ, ಅಳೋರಿಲ್ಲ. ಅಲ್ಲಿ ದೇವರ ಸಿಂಹಾಸನದ ಮುಂದ ನಿಂತು ಬಾಯ್ತುಂಬ ಹಾಡ್ತಿ."

ಆ ಮಾತನ್ನು ಅವಳು ಗಟ್ಟಿಯಾಗಿ ನಂಬಿದ್ದಳು. ಮನೆಯಲ್ಲಿ ಅವಳು ಒಂದು ಕೀರ್ತನೆ ಗುನುಗಿದರೂ ಗಂಡ ದೇವದಾನಪ್ಪ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಮದುವೆಯ ದಿನ ಬಿಟ್ಟರೆ ಅವನು ಚರ್ಚಿನ ಮೆಟ್ಟಿಲು ಹತ್ತಿದವನಲ್ಲ.

ಕುಡಿದು ಕುಡಿದು ಲಿವರ್ ಕೆಟ್ಟು ಆಸ್ಪತ್ರೆ ಸೇರಿದವನು, ಇನ್ನು ಉಳಿಯುವುದಿಲ್ಲವೆಂದು ಗೊತ್ತಾದಾಗ ಸಭಾಪಾಲಕರನ್ನು ಕರೆಸಿದ. ಅವರ ಕೈ ಹಿಡಿದು ಮಗುವಿನಂತೆ ಅತ್ತ. ಮಾಡಿದ್ದನ್ನೆಲ್ಲ ಒಪ್ಪಿಕೊಂಡು, ಯೇಸುವೇ ನನ್ನ ರಕ್ಷಕ ಎಂದ.

"ನಿನ್ನ ಪಾಪ ಎಲ್ಲಾ ತೊಳದು ಹೋದ್ವು" ಎಂದರು ಸಭಾಪಾಲಕರು.

ಪಕ್ಕದಲ್ಲೇ ನಿಂತಿದ್ದ ಎಸ್ತೇರವ್ವನನ್ನು ಯಾರೂ ಏನೂ ಕೇಳಲಿಲ್ಲ. ಗಂಡನೇ ಅವಳ ಕಡೆ ತಿರುಗಿ, "ನಾ ಮುಂದ ಹೋಗಿ ನಿನ್ನ ದಾರಿ ಕಾಯ್ತೀನಿ" ಎಂದ. ಮರುದಿನ ತೀರಿಕೊಂಡ.

ಮಣ್ಣು ಮುಗಿಸಿ ಬಂದ ಮೇಲೆ ಸಭಾಪಾಲಕರು ಅವಳೆದುರು ಕೂತರು. ಅವರ ಮುಖದಲ್ಲಿ ಸಂತೋಷ ತುಂಬಿತ್ತು.

"ಅಳಬ್ಯಾಡ ಯವ್ವಾ. ನಿನಗ ಸಿಕ್ಕಂಗ ದೇವದಾನಪ್ಪಗೂ ರಕ್ಷಣಿ ಸಿಕ್ಕೈತಿ, ಪರಲೋಕ ಸೇರ್ಯಾನ. ಇನ್ನ ನೀವಿಬ್ರೂ ಅಲ್ಲಿ ಜೋಡಿ ನಿಂತು ಯುಗಯುಗಕ್ಕೂ ಹಾಡ್ತೀರಿ."

ಎಸ್ತೇರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಯ್ಯನವರ, ನನಗ ಸಿಕ್ಕ ರಕ್ಷಣಿ ಕಳಕೋಬೇಕಂದ್ರ ಏನ್ ಮಾಡಬೇಕ್ರಿ?"